ಅರಿಜೋನಾದ ಬಿಸಿಲು, ಗಾಲ್ಫ್ ಮೈದಾನದ ಗರಿಕೆ ಮತ್ತು ನೀರಿನ ಲೆಕ್ಕ

ಫೀನಿಕ್ಸ್ ನಗರದ ಸುತ್ತಮುತ್ತ, ಅಂದರೆ ಚಾಂಡ್ಲರ್, ಗಿಲ್ಬರ್ಟ್, ಸ್ಕಾಟ್ಸ್‌ಡೇಲ್ ಕಡೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಊರಿನಿಂದ ವಿಡಿಯೊ ಕರೆ ಬಂದಾಗ ಎದುರಾಗುವ ಪ್ರಶ್ನೆಯೊಂದಿದೆ. ಜೂನ್ ತಿಂಗಳು. ಉಷ್ಣಾಂಶ 44 ಡಿಗ್ರಿ ದಾಟಿದೆ, ಹಗಲು ಹೊರಗೆ ಕಾಲಿಡುವಂತಿಲ್ಲ ಎಂದು ಮಗಳು ಹೇಳಿಕೊಳ್ಳುತ್ತಿರುತ್ತಾಳೆ. ಆಕೆಯ ಬೆನ್ನ ಹಿಂದಿನ ಕಿಟಕಿಯಲ್ಲಿ ಕಾಣುವುದು ಮಾತ್ರ ಕಣ್ಣು ಹಾಯುವಷ್ಟು ದೂರ ಹಾಸಿದ ಹಸಿರು. “ಮರುಭೂಮಿ ಅಂತೀಯಲ್ಲೇ, ಅಷ್ಟೊಂದು ಹುಲ್ಲಿಗೆ ನೀರು ಎಲ್ಲಿಂದ ತರ್ತಾರೆ?” ಎಂದು ಅತ್ತ ಕಡೆಯಿಂದ ಅಮ್ಮ ಕೇಳುತ್ತಾರೆ. ಬರಗಾಲ ಕಂಡ ಊರಿನ ಹೆಂಗಸಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ. ಈ ಕಡೆಯವರು “ಅದು ಗಾಲ್ಫ್ ಮೈದಾನ ಅಮ್ಮಾ” ಎಂದು ಹೇಳಿ ಮಾತು ಮರೆಸುತ್ತಾರೆ. ಏಕೆಂದರೆ ಬಹುತೇಕರಿಗೆ ಉತ್ತರ ಗೊತ್ತಿರುವುದಿಲ್ಲ. ಮನೆ ಕೊಳ್ಳುವಾಗ ಆ ಹಸಿರಿಗೆಂದೇ ಒಂದಿಷ್ಟು ಹೆಚ್ಚು ಬೆಲೆ ತೆತ್ತಿರುತ್ತಾರೆ, ಅಷ್ಟೇ.

ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 180 ಮಿಲಿಮೀಟರ್. ಕರ್ನಾಟಕದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯೂ ಇದರ ಎರಡು ಪಟ್ಟಿಗಿಂತ ಹೆಚ್ಚು ಮಳೆ ಕಾಣುತ್ತದೆ. 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನಗಳ ಕಾಲ ಇಲ್ಲಿನ ಗರಿಷ್ಠ ಉಷ್ಣಾಂಶ 43.3 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ಆ ಒಂದೇ ವರ್ಷದಲ್ಲಿ ಫೀನಿಕ್ಸ್ ನಗರವಿರುವ ಮರಿಕೋಪಾ ಕೌಂಟಿ ದಾಖಲಿಸಿದ ಶಾಖಸಂಬಂಧಿ ಸಾವುಗಳು 645. ಇಂಥ ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ. ನದಿ ಬತ್ತುತ್ತಿರುವ ಸುದ್ದಿ ಬಂದಾಗಲೆಲ್ಲ ಸಾರ್ವಜನಿಕರ ಸಿಟ್ಟು ಮೊದಲು ತಿರುಗುವುದು ಈ ಮೈದಾನಗಳ ಕಡೆಗೆ. ಸುಡುಬೇಸಿಗೆಯಲ್ಲಿ ಹುಲ್ಲಿಗೆ ನೀರು ಸುರಿಯುತ್ತಾರಲ್ಲ, ಇದೆಂಥ ಅನ್ಯಾಯ ಎಂಬುದು ದೂರು. ದೂರಿನಲ್ಲಿ ಹುರುಳಿದೆ, ಆದರೆ ಬೆರಳು ತೋರಿಸುತ್ತಿರುವ ತಿಂಗಳು ತಪ್ಪು ಎಂಬುದು ನನ್ನ ಅಭಿಪ್ರಾಯ. ಹಾಗೇಕೆ ಎಂಬುದನ್ನು ತಿಳಿಯಬೇಕಾದರೆ ಹುಲ್ಲಿನಿಂದಲೇ ಆರಂಭಿಸಬೇಕು.

ಅಮೆರಿಕನ್ನರು ಬರ್ಮುಡಾ ಹುಲ್ಲು ಎಂದು ಕರೆಯುವ, ಅರಿಜೋನಾದ ಗಾಲ್ಫ್ ಮೈದಾನಗಳ ಮುಖ್ಯ ಬೆಳೆಯಾದ ಆ ಸಸ್ಯ ನಮಗೆ ಹೊಸದೇನಲ್ಲ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ನಮ್ಮಲ್ಲಿ ಅದು ಗರಿಕೆ. ಗಣೇಶನ ಮುಡಿಗೇರುವ ದೂರ್ವೆ. ಬಯಲುಸೀಮೆಯ ರೈತ ಬೇರುಸಹಿತ ಕಿತ್ತು ಬದುವಿನ ಮೇಲೆ ಎಸೆದರೂ ಒಂದು ಮಳೆಗೆ ಮತ್ತೆ ಚಿಗುರಿಕೊಳ್ಳುವ ಅದೇ ಹಟಮಾರಿ ಕಳೆ. ಮೈದಾನಗಳಲ್ಲಿ ಹೆಚ್ಚಾಗಿ ಬಳಸುವುದು ಇದರ ಮಿಶ್ರತಳಿಗಳನ್ನು. ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ನಮ್ಮ ಗರಿಕೆಯನ್ನು ಅದರ ಆಫ್ರಿಕದ ದಾಯಾದಿಯೊಂದಿಗೆ ಕೂಡಿಸಿ 1960ರಲ್ಲಿ ಬಿಡುಗಡೆ ಮಾಡಿದ ಟಿಫ್‌ವೇ 419 ಎಂಬ ತಳಿ ಇಂದಿಗೂ ಅನೇಕ ಮೈದಾನಗಳ ಆಧಾರ. ಈ ಮಿಶ್ರತಳಿ ಬೀಜ ಕಟ್ಟುವುದಿಲ್ಲ. ತುಂಡುಗಳನ್ನು ನೆಟ್ಟೇ ಹಬ್ಬಿಸಬೇಕು. ಬೀಜದಿಂದ ಬೆಳೆಯುವ ಸಾಧಾರಣ ಗರಿಕೆಗೂ ಇಲ್ಲಿ ಬೇಡಿಕೆಯಿದೆ. ಅದರ ಬಿತ್ತನೆ ಬೀಜವನ್ನು ಬೆಳೆಯುವ ಪ್ರಮುಖ ಪ್ರದೇಶಗಳಲ್ಲಿ ಇದೇ ರಾಜ್ಯದ ಯೂಮಾ ಕೂಡ ಒಂದು.

ಚೌತಿಯ ಸಮಯದಲ್ಲಿ ಇದನ್ನು ಕಂಡು ಹಿಗ್ಗಿ, ಬೇಲಿಯಾಚೆ ಕೈಚಾಚಿ ಇಪ್ಪತ್ತೊಂದು ಎಸಳು ಕಿತ್ತುಕೊಳ್ಳುವ ಆಸೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಅದಕ್ಕೆ ಕಳೆನಾಶಕ, ಕೀಟನಾಶಕ ಸಿಂಪಡಿಸಿರುತ್ತಾರೆ. ಹರಿಸಿದ ನೀರು ಯಾವುದು ಎಂಬುದನ್ನು ಮುಂದೆ ಹೇಳುತ್ತೇನೆ. ಕುಂಡದಲ್ಲಿ ಬೆಳೆಸಿಕೊಳ್ಳುವುದು ಕ್ಷೇಮ.

ಗರಿಕೆ ಉಷ್ಣವಲಯದ ಹುಲ್ಲು. ಜೋಳ, ಕಬ್ಬುಗಳಂತೆ ಬಿಸಿಲನ್ನೇ ಉಂಡು ಬೆಳೆಯುವ ಜಾತಿಗೆ ಸೇರಿದ್ದು. 27ರಿಂದ 35 ಡಿಗ್ರಿ ಅದಕ್ಕೆ ಅಚ್ಚುಮೆಚ್ಚು. ಅದಕ್ಕೂ ಮೇಲೇರಿದರೆ ಬೆಳವಣಿಗೆಯ ವೇಗ ತಗ್ಗಬಹುದು, ಪ್ರಾಣಕ್ಕೆ ಸಂಚಕಾರವಿಲ್ಲ. ನೀರು ನಿಂತರೆ ಬಣ್ಣ ಕಳೆದುಕೊಂಡು, ನೆಲದೊಳಗಿನ ಗೆಣ್ಣುಗಳಲ್ಲಿ ಜೀವ ಬಚ್ಚಿಟ್ಟುಕೊಂಡು ಮಲಗುತ್ತದೆ. ಒಣಗಿದಂತೆ ಕಾಣುವುದಕ್ಕೂ ಸತ್ತಿರುವುದಕ್ಕೂ ಗರಿಕೆಯ ಮಟ್ಟಿಗೆ ಬಹಳ ಅಂತರವಿದೆ. ಇದಕ್ಕೆ ತದ್ವಿರುದ್ಧವಾದುದು ಬೆಂಟ್ ಹುಲ್ಲು. ಅದು ತಂಪು ದೇಶದ್ದು. ಚೆಂಡು ನುಣ್ಣಗೆ ಉರುಳಬೇಕಾದ, ಕುಳಿಯ ಸುತ್ತಲಿನ ‘ಗ್ರೀನ್’ ಎಂಬ ಜಾಗದಲ್ಲಿ ಕೆಲವು ಮೈದಾನಗಳು ಇಂದಿಗೂ ಅದನ್ನೇ ಬೆಳೆಸುತ್ತವೆ. ಬೇಸಿಗೆಯಲ್ಲಿ ಮಣ್ಣು ಕಾದಂತೆಲ್ಲ ಅದರ ಬೇರು ಮೊಟಕಾಗುತ್ತ ಬರುತ್ತದೆ. ಜುಲೈ ಹೊತ್ತಿಗೆ ಅಂಗುಲವೊಂದೆರಡರ ಬೇರಿನ ಮೇಲೆ, ಮೂರು ಮಿಲಿಮೀಟರ್ ಆಸುಪಾಸಿನ ಎತ್ತರಕ್ಕೆ ಕತ್ತರಿಸಿದ ಹುಲ್ಲನ್ನು ಉಳಿಸಿಕೊಳ್ಳಬೇಕಾದ ಸ್ಥಿತಿ ಬರುತ್ತದೆ. ಮೈದಾನದ ಸೂಪರಿಂಟೆಂಡೆಂಟ್‌ಗೆ ನಿದ್ದೆ ಕೆಡಿಸುವುದು ಆ ಕೆಲವೇ ಚದರಡಿಗಳ ಗ್ರೀನ್. ನೂರು ಎಕರೆ ಗರಿಕೆ ಅಲ್ಲ.

ಹೊರಗಿನಿಂದ ನೋಡುವವರಿಗೆ ಹುಲ್ಲು ಬಾಡಿದರೆ ನೀರು ಹಾಯಿಸುವುದು ಸಹಜ ಪರಿಹಾರವಾಗಿ ತೋರುತ್ತದೆ. ಈ ವೃತ್ತಿಯಲ್ಲಿ ಪಳಗಿದವರು ಮೊದಲು ಕಲಿಯುವುದು ನೀರು ಹಾಯಿಸದಿರುವುದನ್ನು. ಗರಿಷ್ಠ ಬಿಸಿಲಿನಲ್ಲಿ ಮಣ್ಣು ಸದಾ ತೊಯ್ದಿದ್ದರೆ ಬೇರಿಗೆ ಗಾಳಿ ಸಿಗದೆ ಹುಲ್ಲು ಬೆಂದುಹೋಗುತ್ತದೆ. ಶಿಲೀಂಧ್ರ ರೋಗಗಳು ಅಂಟಿಕೊಳ್ಳುತ್ತವೆ. ಆದ್ದರಿಂದ ನಸುಕಿನಲ್ಲೇ ಕೆಲಸಗಾರರು ತೇವಾಂಶ ಅಳೆಯುವ ಕಡ್ಡಿಯನ್ನು ಗ್ರೀನ್‌ನಲ್ಲಿ ಜಾಗಜಾಗಕ್ಕೆ ಚುಚ್ಚುತ್ತ ಓಡಾಡುತ್ತಾರೆ. ಶೇಕಡಾವಾರು ಅಂಕಿ ನೋಡಿ, ಒಣಗಿದ ಕಡೆಗೆ ಮಾತ್ರ ಕೈಯಲ್ಲಿ ಪೈಪು ಹಿಡಿದು ನೀರುಣಿಸುತ್ತಾರೆ. ಯಂತ್ರವಿಲ್ಲದ ಪರೀಕ್ಷೆಯೂ ಒಂದಿದೆ: ನಡೆದು ಹೋದ ಮೇಲೆ ಹಿಂದಿರುಗಿ ನೋಡಬೇಕು. ನೀರುಂಡ ಹುಲ್ಲು ಹೆಜ್ಜೆ ಎತ್ತಿದ ಕೂಡಲೇ ನೆಟ್ಟಗಾಗುತ್ತದೆ. ದಾಹಗೊಂಡ ಹುಲ್ಲಿನಲ್ಲಿ ಹೆಜ್ಜೆಗುರುತು ಹಾಗೆಯೇ ಉಳಿಯುತ್ತದೆ, ಬಣ್ಣ ನೀಲಿಬೂದಿಗೆ ತಿರುಗುತ್ತದೆ. ಅಂಥ ಕಡೆ ಆಟಗಾರರ ಗಾಡಿ ಹಾಯ್ದರೆ ಗಾಲಿಯ ಗೆರೆ ವಾರಗಟ್ಟಲೆ ಕಂದು ಬಣ್ಣದಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಕೆಲವು ಭಾಗಗಳಿಗೆ ಹಗ್ಗ ಕಟ್ಟಿ ಗಾಡಿಗಳನ್ನು ದೂರವಿಡುವುದು ಈ ಕಾರಣಕ್ಕೆ.

ಮಧ್ಯಾಹ್ನ ಒಂದೆರಡು ನಿಮಿಷ ಮಂಜಿನಂತೆ ನೀರು ಚಿಮ್ಮಿಸುವುದನ್ನು ಕಂಡು ನೀರು ಪೋಲಾಯಿತೆಂದು ಸಿಡಿಮಿಡಿಗೊಳ್ಳುವವರಿದ್ದಾರೆ. ಅದು ನೀರುಣಿಸುವ ಕ್ರಮವಲ್ಲ. ಎಲೆಯ ಮೇಲ್ಮೈ ಮಾತ್ರ ತೊಯ್ಯುವಷ್ಟು ಹನಿಸಿದರೆ, ಒಣಹವೆಯಲ್ಲಿ ಅದು ಕ್ಷಣದಲ್ಲಿ ಆವಿಯಾಗಿ ಹುಲ್ಲಿನ ಮೈ ತಣಿಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ತತ್ತ್ವವೇ. ನಿಜವಾದ ನೀರಾವರಿ ನಡೆಯುವುದು ರಾತ್ರಿ. ಗಾಳಿ ಇಳಿದಿರುತ್ತದೆ, ಆವಿಯಾಗುವ ನಷ್ಟ ಕಡಿಮೆ. ಎಷ್ಟು ಬಿಡಬೇಕೆಂಬ ಲೆಕ್ಕವನ್ನು ಅರಿಜೋನಾ ವಿಶ್ವವಿದ್ಯಾಲಯ ನಡೆಸುವ ಎಜ್‌ಮೆಟ್ ಎಂಬ ಹವಾಮಾನ ಜಾಲ ದಿನದಿನವೂ ಒದಗಿಸುತ್ತದೆ: ನಿನ್ನೆ ಮಣ್ಣು ಮತ್ತು ಎಲೆಗಳಿಂದ ಎಷ್ಟು ನೀರು ಗಾಳಿಗೆ ಹೋಯಿತು ಎಂಬ ಅಂಕಿ ಅದು. ಜೂನ್‌ನಲ್ಲಿ ಗರಿಕೆ ದಿನಕ್ಕೆ ಏಳೆಂಟು ಮಿಲಿಮೀಟರ್‌ನಷ್ಟು ನೀರು ಬೇಡುತ್ತದೆ. ಎಂಟು ಮಿಲಿಮೀಟರ್ ಎಂದರೆ ಎಕರೆಗೆ ದಿನಕ್ಕೆ ಮೂವತ್ತೆರಡು ಸಾವಿರ ಲೀಟರ್; ಬೆಂಗಳೂರಿನ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐದಕ್ಕೂ ಹೆಚ್ಚು. ಪೂರ್ತಿ ಕೊಡಲೇಬೇಕೆಂದಿಲ್ಲ. ಮೂರರಲ್ಲಿ ಎರಡು ಪಾಲು ಕೊಟ್ಟರೂ ಗರಿಕೆ ತುಸು ಮಂಕಾಗಿ, ನಿಧಾನವಾಗಿ ಬೆಳೆಯುತ್ತ ಬೇಸಿಗೆ ಕಳೆಯುತ್ತದೆ. ಹಾಗೆ ಮಾಡುವ ಧೈರ್ಯವಿರುವ ಮೈದಾನಗಳು ಕತ್ತರಿಸುವ ಎತ್ತರವನ್ನು ಸ್ವಲ್ಪ ಏರಿಸುತ್ತವೆ, ಸಾರಜನಕ ಗೊಬ್ಬರವನ್ನು ತಗ್ಗಿಸುತ್ತವೆ, ಕತ್ತರಿಸುವ ಯಂತ್ರದ ಅಲಗನ್ನು ಪದೇ ಪದೇ ಹರಿತಗೊಳಿಸುತ್ತವೆ. ಮೊಂಡು ಅಲಗು ಎಲೆಯನ್ನು ಕೊಯ್ಯುವ ಬದಲು ಹರಿಯುತ್ತದೆ. ಹರಿದ ತುದಿಯಿಂದ ನೀರು ಬೇಗ ಸೋರಿಹೋಗುತ್ತದೆ.

ಜುಲೈನಲ್ಲಿ ಮಾನ್ಸೂನ್ ಬರುತ್ತದೆ. ಹೌದು, ಇಲ್ಲಿನವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ನಮ್ಮ ಮುಂಗಾರಿನ ಧಾರೆಯನ್ನು ಕಲ್ಪಿಸಿಕೊಳ್ಳಬಾರದು. ದೂಳಿನ ಗೋಡೆಯೊಂದು ಊರ ಮೇಲೆ ಬಿದ್ದು, ಹಿಂದಿನಿಂದ ನಾಲ್ಕು ಹನಿ ಬಂದರೆ ಅದೇ ಭಾಗ್ಯ. ಆದರೂ ಗಾಳಿಯ ತೇವ ಏರುತ್ತದೆ, ಗರಿಕೆ ಚಿಗುರುತ್ತದೆ, ಬೆಂಟ್ ಹುಲ್ಲು ರೋಗಕ್ಕೆ ತುತ್ತಾಗುತ್ತದೆ.

ಇಷ್ಟೆಲ್ಲ ನೀರು ಬರುವುದೆಲ್ಲಿಂದ ಎಂಬ ಅಮ್ಮನ ಪ್ರಶ್ನೆಗೆ ಈಗ ಬರೋಣ. ಮೂರು ಮೂಲಗಳು: ಅಂತರ್ಜಲ, ನದಿ, ಮತ್ತು ಊರಿನ ಬಚ್ಚಲು.

ಅಂತರ್ಜಲದ ವಿಷಯದಲ್ಲಿ ಅರಿಜೋನಾ 1980ರಲ್ಲಿಯೇ ಕಠಿಣ ಕಾಯಿದೆ ಮಾಡಿತು. ಫೀನಿಕ್ಸ್, ಟುಸಾನ್ ಮುಂತಾದ ವಲಯಗಳಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ಹುಲ್ಲುಹಾಸಿಗೆ ವಾರ್ಷಿಕ ನೀರಿನ ಮಿತಿಯಿದೆ. ಫೀನಿಕ್ಸ್ ವಲಯದಲ್ಲಿ ಅದು ಎಕರೆಗೆ ಸುಮಾರು ಐದು ಎಕರೆ-ಅಡಿ, ಅಂದರೆ ಆ ಎಕರೆಯ ಮೇಲೆ ಐದು ಅಡಿ ಎತ್ತರ ನೀರು ನಿಲ್ಲಿಸಿದಷ್ಟು. ಲೀಟರಿನಲ್ಲಿ ಹೇಳುವುದಾದರೆ ಎಕರೆಗೆ ವರ್ಷಕ್ಕೆ ಅರವತ್ತು ಲಕ್ಷ. ತೊಂಬತ್ತು ಎಕರೆ ಹುಲ್ಲಿರುವ ಹದಿನೆಂಟು ಕುಳಿಗಳ ಮೈದಾನವೊಂದಕ್ಕೆ ಇದು ಐವತ್ತು ಕೋಟಿ ಲೀಟರ್ ದಾಟುತ್ತದೆ. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೂ ರಾಜ್ಯದ ಒಟ್ಟು ನೀರಿನ ಬಳಕೆಯಲ್ಲಿ ಗಾಲ್ಫ್‌ನ ಪಾಲು ನೂರಕ್ಕೆ ಎರಡರ ಆಸುಪಾಸು ಮಾತ್ರ. ನಾಲ್ಕರಲ್ಲಿ ಸುಮಾರು ಮೂರು ಪಾಲು ಹೊಲಗಳಿಗೆ, ಅದರಲ್ಲೂ ದನದ ಮೇವಿನ ಕುದುರೆಮೆಂತೆಯಂಥ ಬೆಳೆಗಳಿಗೆ ಹೋಗುತ್ತದೆ. ಗಾಲ್ಫ್ ಉದ್ಯಮದವರು ಈ ಅಂಕಿಯನ್ನು ಗುರಾಣಿಯಂತೆ ಹಿಡಿದಿರುತ್ತಾರೆ. ಅಂಕಿ ಸುಳ್ಳಲ್ಲ. ಆದರೆ ಹೊಲದ ನೀರನ್ನೂ ಆಟದ ನೀರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕೈತೊಳೆದುಕೊಳ್ಳುವುದು ಜಾಣತನವೇ ಹೊರತು ಉತ್ತರವಲ್ಲ.

ನದಿ ಎಂದರೆ ಮುಖ್ಯವಾಗಿ ಕೊಲರಾಡೊ. ಏಳು ರಾಜ್ಯಗಳು 1922ರಲ್ಲಿ ಇದನ್ನು ಹಂಚಿಕೊಂಡವು. ಹಂಚುವಾಗ ಹಿಡಿದ ಲೆಕ್ಕಕ್ಕಿಂತ ನದಿಯಲ್ಲಿ ಹರಿದ ನೀರು ಕಡಿಮೆ ಎಂಬುದು ಆಮೇಲೆ ತಿಳಿಯಿತು. ಕಾವೇರಿಯ ಸಂಕಷ್ಟ ಸೂತ್ರಕ್ಕಾಗಿ ದಶಕಗಟ್ಟಲೆ ಜಗ್ಗಾಡಿದ ನಾಡಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಅರಿಜೋನಾದ ಪಾಲು ವರ್ಷಕ್ಕೆ 28 ಲಕ್ಷ ಎಕರೆ-ಅಡಿ. ಅದರಲ್ಲಿ ದೊಡ್ಡ ಭಾಗ ಹವಾಸು ಸರೋವರದಿಂದ 541 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಏರಿ ಹರಿದು ಫೀನಿಕ್ಸ್, ಟುಸಾನ್‌ಗಳನ್ನು ತಲುಪುತ್ತದೆ. 1968ರಲ್ಲಿ ಈ ಕಾಲುವೆಗೆ ಸಂಸತ್ತಿನ ಒಪ್ಪಿಗೆ ಪಡೆಯಲು ಅರಿಜೋನಾ ಒಂದು ಬೆಲೆ ತೆತ್ತಿತು: ಕೊರತೆ ಬಂದರೆ ಕ್ಯಾಲಿಫೋರ್ನಿಯಾಕ್ಕಿಂತ ಮೊದಲು ಈ ಕಾಲುವೆಯ ನೀರಿಗೇ ಕತ್ತರಿ. 2021ರ ಆಗಸ್ಟ್‌ನಲ್ಲಿ ಆ ಕೊರತೆ ಮೊದಲ ಬಾರಿ ಅಧಿಕೃತವಾಗಿ ಘೋಷಣೆಯಾಯಿತು. 2022ರಲ್ಲಿ ಅರಿಜೋನಾ 5.12 ಲಕ್ಷ ಎಕರೆ-ಅಡಿ, 2023ರಲ್ಲಿ 5.92 ಲಕ್ಷ ಎಕರೆ-ಅಡಿ ಕಳೆದುಕೊಂಡಿತು. ಅಲ್ಲಿಂದೀಚೆಗೆ ಕೊರತೆಯ ಘೋಷಣೆ ತೆರವಾಗಿಲ್ಲ. 2007ರಲ್ಲಿ ಮಾಡಿಕೊಂಡ ಹಂಚಿಕೆಯ ನಿಯಮಗಳ ಅವಧಿ 2026ರ ಅಂತ್ಯಕ್ಕೆ ಮುಗಿಯುತ್ತದೆ. ಅದರ ಮುಂದಿನ ವ್ಯವಸ್ಥೆಯ ಬಗ್ಗೆ ನದಿಯ ಮೇಲ್ಭಾಗದ ರಾಜ್ಯಗಳಿಗೂ ಕೆಳಭಾಗದ ರಾಜ್ಯಗಳಿಗೂ ಬಗೆಹರಿಯದ ಹಗ್ಗಜಗ್ಗಾಟ.

ಮೂರನೆಯ ಮೂಲವೇ ಬಚ್ಚಲಿನ ನೀರು. ಸ್ಕಾಟ್ಸ್‌ಡೇಲ್ ನಗರಸಭೆ ತನ್ನ ಚರಂಡಿ ನೀರನ್ನು ಸಂಸ್ಕರಿಸಿ ಊರ ಉತ್ತರಭಾಗದ ಇಪ್ಪತ್ತಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿಗೆ ಕೊಳವೆಗಳ ಮೂಲಕ ಕಳುಹಿಸುತ್ತದೆ. ಕುಡಿಯುವ ನೀರನ್ನು ಹುಲ್ಲಿಗೆ ಹಾಕುತ್ತಾರೆಂಬ ದೂರಿಗೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತು. ಆದರೆ ಇದರಲ್ಲೂ ತೊಡಕಿದೆ. ಸಂಸ್ಕರಿಸಿದ ನೀರಿನಲ್ಲಿ ಲವಣ ಹೆಚ್ಚು. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮಣ್ಣಿನಲ್ಲಿ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ‘ಸವಳು’ ಎಂದರೆ ಸಾಕು, ಚಿತ್ರ ಕಣ್ಣಮುಂದೆ ಬರುತ್ತದೆ. ಆ ಉಪ್ಪನ್ನು ಬೇರಿನ ಕೆಳಕ್ಕೆ ತಳ್ಳಲು ಆಗಾಗ ಅಗತ್ಯಕ್ಕಿಂತ ಹೆಚ್ಚು ನೀರು ಹಾಯಿಸಬೇಕು. ನೀರು ಉಳಿಸಬೇಕೆಂದು ಕೈಬಿಗಿ ಹಿಡಿದರೆ ಉಪ್ಪು ಮೇಲೇರುತ್ತದೆ. ಬೇಸಿಗೆಯ ನಿರ್ವಹಣೆಯ ನಿಜವಾದ ಇಕ್ಕಟ್ಟು ಇದು. ಸ್ಕಾಟ್ಸ್‌ಡೇಲ್‌ನಲ್ಲಿ ಈ ಕಾರಣಕ್ಕೆಂದೇ ನೀರಿನ ಒಂದು ಭಾಗವನ್ನು ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ ಉಪ್ಪು ತೆಗೆದು ಬೆರೆಸುತ್ತಾರೆ. ಇನ್ನೊಂದು ಮಾತು: ಬಚ್ಚಲಿನ ನೀರು ಕೂಡ ಈಗ ಬಿಟ್ಟಿಯಲ್ಲ. ಫೀನಿಕ್ಸ್‌ನ ಪಶ್ಚಿಮಕ್ಕಿರುವ ಪಾಲೊ ವರ್ಡೆ ಅಣುಸ್ಥಾವರ ತಂಪಾಗುವುದೂ ನಗರಗಳ ತ್ಯಾಜ್ಯನೀರಿನಿಂದಲೇ. ಅದನ್ನು ಮತ್ತೆ ಕುಡಿಯುವ ನೀರಾಗಿಸುವ ಮಾತು ನಗರಗಳಲ್ಲಿ ಗಂಭೀರವಾಗಿ ನಡೆಯುತ್ತಿರುವಾಗ, ಹುಲ್ಲಿಗೆ ಹೋದ ಪ್ರತಿ ಕೊಡವೂ ಯಾರದೋ ನಾಳಿನ ಪಾಲೇ.

ಇನ್ನು ತಪ್ಪು ತಿಂಗಳಿನ ವಿಷಯ. ಲೀಟರ್ ಲೆಕ್ಕದಲ್ಲಿ ಜೂನ್ ತಿಂಗಳೇ ಮುಂದು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಜೂನ್‌ನ ನೀರು ಬದುಕಿರುವ, ಬೆಳೆಯುತ್ತಿರುವ ಗಿಡಕ್ಕೆ ಹೋಗುತ್ತದೆ. ಮೊದಲೇ ಹೇಳಿದಂತೆ ಅದರಲ್ಲಿ ಉಳಿತಾಯಕ್ಕೆ ಎಡೆಯೂ ಇದೆ. ಚಳಿಗಾಲದ ನೀರು ಹಾಗಲ್ಲ. ರಾತ್ರಿಯ ಉಷ್ಣಾಂಶ ಹತ್ತು ಡಿಗ್ರಿಗಿಂತ ಇಳಿಯತೊಡಗಿದಂತೆ ಗರಿಕೆ ನಿದ್ರೆಗೆ ಜಾರಿ, ಬಣಬೆಯ ಹುಲ್ಲಿನಂತೆ ತಿಳಿಹಳದಿಯಾಗುತ್ತದೆ. ಮಾರ್ಚ್‌ವರೆಗೆ ಅದಕ್ಕೆ ನೀರಿನ ಹಂಗೇ ಇಲ್ಲವೆನ್ನಬಹುದು. ದುರದೃಷ್ಟವಶಾತ್ ಗಾಲ್ಫ್ ಪ್ರವಾಸಿಗರು ಬರುವುದು ಆಗಲೇ. ಮಿನಿಸೋಟ, ಕೆನಡಾಗಳ ಹಿಮದಿಂದ ತಪ್ಪಿಸಿಕೊಂಡು ಬಂದವರಿಗೆ ಹಸಿರು ಬೇಕು. ಫೆಬ್ರುವರಿಯಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ನಡೆಯುವ ಫೀನಿಕ್ಸ್ ಓಪನ್ ಪಂದ್ಯಕ್ಕೆ ದೂರದರ್ಶನದ ಪರದೆಯ ಮೇಲೆ ಇನ್ನಷ್ಟು ಹಸಿರು ಬೇಕು. ಆದ್ದರಿಂದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಮೈದಾನವನ್ನು ಎರಡು ಮೂರು ವಾರ ಮುಚ್ಚುತ್ತಾರೆ. ಸೊಂಪಾಗಿ ಬೆಳೆದ ಗರಿಕೆಯನ್ನು ನೆಲಮಟ್ಟಕ್ಕೆ ಬೋಳಿಸಿ, ಅದರ ಮೇಲೆ ಎಕರೆಗೆ ನೂರಾರು ಪೌಂಡ್ ಲೆಕ್ಕದಲ್ಲಿ ರೈ ಹುಲ್ಲಿನ ಬೀಜ ಚೆಲ್ಲುತ್ತಾರೆ. ಮೊಳೆಯುವವರೆಗೆ ದಿನಕ್ಕೆ ಹಲವು ಬಾರಿ ನೀರು. ಆಮೇಲೆ ಏಪ್ರಿಲ್, ಮೇವರೆಗೆ ಆ ತಂಪುದೇಶದ ಹುಲ್ಲನ್ನು ಪೋಷಿಸುವ ನೀರು. ಬರಿಯ ಬಣ್ಣಕ್ಕಾಗಿ ಒಂದು ಎರಡನೇ ಬೆಳೆ.

ಇದರ ಸೂತಕ ಬೇಸಿಗೆಗೂ ತಟ್ಟುತ್ತದೆ ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ರೈ ಹುಲ್ಲು ವಸಂತದಲ್ಲಿ ಬೇಗ ಜಾಗ ಬಿಡದಿದ್ದರೆ ಅದರ ನೆರಳಿನಲ್ಲಿ ಗರಿಕೆ ಚಿಗುರಲಾರದು. ವರ್ಷದಲ್ಲಿ ಸುಮಾರು ನೂರು ದಿನವಾದರೂ ಪೈಪೋಟಿಯಿಲ್ಲದೆ ಬೆಳೆಯಲು ಬಿಟ್ಟರೆ ಮಾತ್ರ ಅದು ಬೇರಿಗೆ ಶಕ್ತಿ ತುಂಬಿಕೊಳ್ಳುತ್ತದೆ. ಅತಿಥಿಗಳನ್ನು ಮೆಚ್ಚಿಸಲು ಮೇ ಕೊನೆಯವರೆಗೂ ರೈ ಹುಲ್ಲನ್ನು ಹಿಡಿದಿಟ್ಟುಕೊಂಡ ಮೈದಾನ, ಜೂನ್‌ನಲ್ಲಿ ಅದು ಬಿಸಿಲಿಗೆ ಒಮ್ಮೆಗೇ ಸತ್ತಾಗ ಬಕ್ಕತಲೆಯಾಗುತ್ತದೆ. ಕೆಳಗಿನ ಗರಿಕೆ ನಿತ್ರಾಣವಾಗಿರುತ್ತದೆ. ಗಾಬರಿಯಾದ ಆಡಳಿತ ಸುಡುಬಿಸಿಲಿನಲ್ಲಿ ನೀರು, ಗೊಬ್ಬರ ಸುರಿಯುತ್ತದೆ. ಜೂನ್‌ನಲ್ಲಿ ಜನ ಕಂಡು ಬೈಯುವ ಎಷ್ಟೋ ನೀರಿನ ಬೀಜ ಹಿಂದಿನ ಅಕ್ಟೋಬರ್‌ನಲ್ಲೇ ಬಿತ್ತಿದ್ದು.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಗ್ರೀನ್ ಮತ್ತು ಆಟ ಆರಂಭಿಸುವ ‘ಟೀ’ಗಳಿಗೆ ಮಾತ್ರ ರೈ ಬಿತ್ತಿ, ಅವುಗಳ ನಡುವಿನ ವಿಶಾಲವಾದ ‘ಫೇರ್‌ವೇ’ಗಳನ್ನು ಮಲಗಲು ಬಿಡಬಹುದು. ಕೆಲವು ಮೈದಾನಗಳು ಹಾಗೆ ಮಾಡತೊಡಗಿವೆ. ಮಲಗಿದ ಗರಿಕೆಯ ಮೇಲೆ ಹಸಿರು ಬಣ್ಣ ಸಿಂಪಡಿಸುವವರೂ ಇದ್ದಾರೆ. ನಗು ಬಂದರೂ ಲೆಕ್ಕದಲ್ಲಿ ಅದು ಲೇಸು. ಒಣಗಿ ಗಟ್ಟಿಯಾದ ಫೇರ್‌ವೇಯಲ್ಲಿ ಚೆಂಡು ಇನ್ನಷ್ಟು ದೂರ ಉರುಳುವುದರಿಂದ ಆಟಗಾರರಿಗೆ ನಷ್ಟವೂ ಇಲ್ಲ. ಅಡ್ಡಿಯಿರುವುದು ಪೈಪೋಟಿಯಲ್ಲಿ. ವರ್ಷದ ಆದಾಯದ ಬಹುಪಾಲು ಚಳಿಗಾಲದ ಕೆಲವೇ ತಿಂಗಳುಗಳಲ್ಲಿ ಗಳಿಸಬೇಕಾದ ಒಡೆಯ, ಪಕ್ಕದ ಮೈದಾನ ಹಸಿರಾಗಿರುವಾಗ ತನ್ನದನ್ನು ಒಣಹುಲ್ಲಿನ ಬಣ್ಣದಲ್ಲಿ ಬಿಡಲು ಹೆದರುತ್ತಾನೆ. ಅವನ ಭಯ ಅರ್ಥವಾಗುವಂಥದ್ದೇ. ಒಬ್ಬೊಬ್ಬರ ಸದ್ಬುದ್ಧಿಗೆ ಬಿಟ್ಟರೆ ಇದು ಆಗುವ ಕೆಲಸವಲ್ಲ. ಎಲ್ಲರಿಗೂ ಒಂದೇ ಮಿತಿ ಬೇಕು. ನೆರೆಯ ನೆವಾಡಾ ಅದನ್ನು ತೋರಿಸಿಕೊಟ್ಟಿದೆ. ಲಾಸ್ ವೇಗಸ್ ಕಣಿವೆಯಲ್ಲಿ ಗಾಲ್ಫ್ ಮೈದಾನಗಳ ನೀರಿನ ಮಿತಿಯನ್ನು 2024ರಿಂದ ಎಕರೆಗೆ 6.3 ಎಕರೆ-ಅಡಿಯಿಂದ 4ಕ್ಕೆ ಇಳಿಸಲಾಯಿತು. ರಸ್ತೆ ಬದಿ, ಕಚೇರಿಗಳ ಮುಂದೆ ಕೇವಲ ಅಂದಕ್ಕಾಗಿ ಬೆಳೆಸಿದ ಹುಲ್ಲಿಗೆ ಕೊಲರಾಡೊ ನೀರು ಹಾಯಿಸುವುದನ್ನು ಅಲ್ಲಿನ 2021ರ ಕಾಯಿದೆ 2027ರ ಆರಂಭದಿಂದ ಪೂರ್ತಿ ನಿಷೇಧಿಸುತ್ತದೆ.

ಅರಿಜೋನಾದಲ್ಲಿ ಕತ್ತರಿ ಮೊದಲು ಬಿದ್ದದ್ದು ಮನೆಗಳ ಮೇಲೆ. ಸ್ಕಾಟ್ಸ್‌ಡೇಲ್ ನಗರಸಭೆ 2023ರ ಆಗಸ್ಟ್‌ನಿಂದೀಚೆಗೆ ಪರವಾನಗಿ ಪಡೆದ ಹೊಸ ಮನೆಗಳ ಮುಂದಿನ ಅಂಗಳದಲ್ಲಿ ನೈಸರ್ಗಿಕ ಹುಲ್ಲು ಬೆಳೆಸುವುದನ್ನು ನಿಷೇಧಿಸಿದೆ. ಮನೆಯ ಮುಂದೆ ನಾಲ್ಕು ಮಾರು ಗರಿಕೆ ಕೂಡದು, ಹಿಂದಿನ ಮೈದಾನದಲ್ಲಿ ತೊಂಬತ್ತು ಎಕರೆ ಇರಬಹುದು. ನಿಯಮದ ಉದ್ದೇಶ ಒಳ್ಳೆಯದೇ. ಮೈದಾನದ ನೀರು ಬೇರೆ ಕೊಳವೆಯದು ಎಂಬ ಸಮಜಾಯಿಷಿಯೂ ಸತ್ಯವೇ. ಆದರೂ ಜನಸಾಮಾನ್ಯರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಆಳುವವರು ಮರೆಯಬಾರದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಸಾರಿದಾಗ ನಮ್ಮ ಬಡಾವಣೆಗಳಲ್ಲಿ ಎದ್ದ ಗೊಣಗಾಟ ನೆನಪಿರುವವರಿಗೆ ಇದು ತಿಳಿಯುತ್ತದೆ.

ಈ ದೇಶಕ್ಕೆ ಬಂದು, ಚಾಂಡ್ಲರ್‌ನ ಇಂಟೆಲ್‌ನಲ್ಲೋ ಉತ್ತರ ಫೀನಿಕ್ಸ್‌ನ ಹೊಸ ಚಿಪ್ ಕಾರ್ಖಾನೆಯಲ್ಲೋ ಕೆಲಸ ಹಿಡಿದು, ಎರಡು ಮೂರು ವರ್ಷದಲ್ಲಿ ಮನೆ ಕೊಳ್ಳುವ ಯೋಚನೆಯಲ್ಲಿರುವವರಿಗೆ ಇದೆಲ್ಲ ಕೇವಲ ಹುಲ್ಲಿನ ಕಥೆಯಲ್ಲ. ಸ್ಕಾಟ್ಸ್‌ಡೇಲ್‌ನ ಅಂಚಿನಾಚೆ ರಿಯೊ ವರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆಯಿದೆ. ನಗರಸಭೆಯ ಮಿತಿಗೆ ಸೇರದ ಜಾಗ. ಅಲ್ಲಿನ ನೂರಾರು ಮನೆಗಳಿಗೆ ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್‌ಗಳಲ್ಲಿ ನೀರು ಬರುತ್ತಿತ್ತು. ಕೊರತೆಯ ಕಾರಣ ನೀಡಿ 2023ರ ಜನವರಿ 1ರಿಂದ ನಗರ ಅದನ್ನು ನಿಲ್ಲಿಸಿತು. ಲಕ್ಷಾಂತರ ಡಾಲರ್ ಸುರಿದು ಮನೆ ಕಟ್ಟಿದವರು ಕಾಗದದ ತಟ್ಟೆಯಲ್ಲಿ ಉಂಡು, ಮಳೆನೀರು ಹಿಡಿದು ಶೌಚಕ್ಕೆ ಬಳಸಿದರು. ಕೂಗಳತೆಯ ದೂರದಲ್ಲಿ ಗಾಲ್ಫ್ ಮೈದಾನಗಳು ಹಸಿರಾಗಿದ್ದವು. ಆ ವರ್ಷದ ಶರತ್ಕಾಲದಲ್ಲಿ ರಾಜ್ಯದ ಮಧ್ಯಪ್ರವೇಶದಿಂದ ತಾತ್ಕಾಲಿಕ ವ್ಯವಸ್ಥೆಯಾಯಿತು. ಇದರ ಮೂಲದಲ್ಲಿದ್ದದ್ದು ಕಾನೂನಿನ ಒಂದು ಸಂದು: ಬಡಾವಣೆ ನಿರ್ಮಿಸುವವರು ನೂರು ವರ್ಷಗಳಿಗೆ ಸಾಲುವಷ್ಟು ನೀರಿದೆ ಎಂಬ ಪ್ರಮಾಣಪತ್ರ ತೋರಿಸಬೇಕು, ಆದರೆ ಜಮೀನನ್ನು ಐದು ಅಥವಾ ಕಡಿಮೆ ತುಂಡುಗಳಾಗಿ ಒಡೆದು ಮಾರಿದರೆ ಆ ನಿಯಮ ಅನ್ವಯಿಸುವುದಿಲ್ಲ. ಹಾಗೆ ಒಡೆದು ಒಡೆದು ಮಾರಿದ ಜಾಗ ಅದು. ನಮ್ಮಲ್ಲಿನ ರೆವಿನ್ಯೂ ಸೈಟುಗಳ ಅಣ್ಣ ಎನ್ನಬಹುದು.

ಅದೇ 2023ರ ಜೂನ್‌ನಲ್ಲಿ ರಾಜ್ಯಪಾಲರಾದ ಕೇಟಿ ಹಾಬ್ಸ್ ಮತ್ತೊಂದು ಪ್ರಕಟಣೆ ಹೊರಡಿಸಿದರು. ಫೀನಿಕ್ಸ್ ವಲಯದಲ್ಲಿ ಕೇವಲ ಅಂತರ್ಜಲವನ್ನು ನೆಚ್ಚಿದ ಹೊಸ ಬಡಾವಣೆಗಳಿಗೆ ಇನ್ನು ಪ್ರಮಾಣಪತ್ರವಿಲ್ಲ ಎಂಬುದು ಅದರ ಸಾರ. ಕಡಿಮೆ ಬೆಲೆಗೆ ದೊಡ್ಡ ಮನೆ ಸಿಗುವ ಬಕಾಯ್, ಕ್ವೀನ್ ಕ್ರೀಕ್‌ನಂಥ ಅಂಚಿನ ಊರುಗಳಿಗೆ ಇದರ ಬಿಸಿ ಹೆಚ್ಚು ತಟ್ಟಿತು. ಈಗಾಗಲೇ ಪ್ರಮಾಣಪತ್ರ ಪಡೆದ ಮನೆಗಳಿಗೆ ತೊಂದರೆಯಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟ್ ಸವರಿ ನೋಡುವುದಕ್ಕೆ ಮೊದಲು, ಈ ಮನೆಗೆ ನೀರು ಪೂರೈಸುವವರು ಯಾರು, ನೂರು ವರ್ಷದ ಪ್ರಮಾಣಪತ್ರ ಇದೆಯೇ, ಅದು ಯಾವ ನೀರನ್ನು ನೆಚ್ಚಿದೆ ಎಂದು ಕೇಳಿ ಕಾಗದ ಪಡೆಯಬೇಕು. ಗಾಲ್ಫ್ ಮೈದಾನಕ್ಕೆ ತಾಗಿದ ಮನೆಯಾದರೆ ಇನ್ನೊಂದು ಪ್ರಶ್ನೆ: ಮೈದಾನ ಮುಚ್ಚಿದರೆ ಆ ಜಾಗದ ಗತಿಯೇನು? ಫೀನಿಕ್ಸ್‌ನ ಅವಾಟುಕೀ ಭಾಗದಲ್ಲಿ ಲೇಕ್ಸ್ ಎಂಬ ಮೈದಾನ 2013ರಲ್ಲಿ ಮುಚ್ಚಿತು. ಹಸಿರು ನೋಡಿ ಮನೆ ಕೊಂಡವರ ಹಿತ್ತಲು ಒಣಭೂಮಿಯಾಯಿತು. ಅದನ್ನು ಮತ್ತೆ ತೆರೆಸಲು ನಿವಾಸಿಗಳು ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಯಿತು. ಕರಾರಿನಲ್ಲಿ ಆ ಭೂಮಿ ಗಾಲ್ಫ್‌ಗೇ ಮೀಸಲು ಎಂಬ ಷರತ್ತು ಇದ್ದುದರಿಂದ ಅವರಿಗೆ ವಾದಿಸಲು ಒಂದು ಆಧಾರವಾದರೂ ಇತ್ತು.

ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಹುಲ್ಲುಹಾಸಿನ ವಿಜ್ಞಾನ ಅಮೆರಿಕದಲ್ಲಿ ಗೌರವದ ಓದು. ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್‌ನಂಥ ವಿಶ್ವವಿದ್ಯಾಲಯಗಳು ಇದಕ್ಕೆಂದೇ ಹೆಸರಾಗಿವೆ. ಮಣ್ಣು, ಲವಣ, ನೀರಾವರಿಯ ಲೆಕ್ಕ ಬಲ್ಲ, ತೇವಾಂಶದ ಅಂಕಿ ಓದಬಲ್ಲ ಪದವೀಧರರಿಗೆ ಕೊರತೆಯ ಕಾಲದಲ್ಲಿ ಬೆಲೆ ಹೆಚ್ಚೇ ಹೊರತು ಕಡಿಮೆಯಾಗದು. ಆದರೆ ಇದು ಕುರ್ಚಿಯ ಕೆಲಸವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಮೈದಾನದಲ್ಲಿರಬೇಕು, ಬಿಸಿಲೇರುವ ಮುನ್ನ ಹುಲ್ಲು ಕತ್ತರಿಸಿ ಮುಗಿಸಬೇಕು, ಮಧ್ಯಾಹ್ನ 45 ಡಿಗ್ರಿಯಲ್ಲಿ ಗ್ರೀನ್‌ನಿಂದ ಗ್ರೀನ್‌ಗೆ ಸುತ್ತಬೇಕು. ಮೈದಾನಗಳಲ್ಲಿ ಪೈಪು ಹಿಡಿದು ನಿಂತವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಅವರಲ್ಲಿ ಹಲವರಿಗೆ ಪದವಿಯಿಲ್ಲ. ಹೆಜ್ಜೆಗುರುತು ನೋಡಿಯೇ ಎಲ್ಲಿ ನೀರು ಬೇಕೆಂದು ಹೇಳಬಲ್ಲರು.

ಬರುವ ಚಳಿಗಾಲದಲ್ಲಿ ಮಕ್ಕಳ ಮನೆಗೆ ಬರಲು ಟಿಕೆಟ್ ಮಾಡಿಸಿರುವ ಹಿರಿಯರು ಡಿಸೆಂಬರ್‌ನಲ್ಲಿ ಇಲ್ಲಿ ಇಳಿದಾಗ, ಕೆಲವು ಮೈದಾನಗಳು ಪಚ್ಚೆಯಂತೆ ಹೊಳೆಯುತ್ತಿರುವುದನ್ನೂ, ರಸ್ತೆಯ ಆಚೆ ಬದಿಯ ಇನ್ನೊಂದು ಮೈದಾನ ಕೊಯ್ಲಾದ ರಾಗಿ ಹೊಲದಂತೆ ಬಣ್ಣಗೆಟ್ಟಿರುವುದನ್ನೂ ಕಾಣಬಹುದು. ಎರಡನೆಯದರಲ್ಲಿ ಗರಿಕೆ ಸತ್ತಿಲ್ಲ. ಏಪ್ರಿಲ್‌ನಲ್ಲಿ ನೆಲ ಕಾದೊಡನೆ ಅದು ಏಳುತ್ತದೆ.